ಕುರಿಗೆ ಔಷಧಿ, ನಾಯಿಯಲ್ಲಿ ಹುಳು

ಕುರಿ ಮೇಕೆಗಳ ಗಿಡ್ ರೋಗಕ್ಕೆ ಕಾರಣ ಟೀನಿಯಾ ಮಲ್ಟಿಸೆಪ್ಸ್ ಎಂಬ ಲಾಡಿಹುಳು. ಅದರ ವಾಸ ನಾಯಿಯ ಕರುಳಿನಲ್ಲಿ. ನಾಯಿಯ ಮಲದೊಂದಿಗೆ ಹುಲ್ಲಿಗೆ ಬಿದ್ದ ಮೊಟ್ಟೆ ಮೇಯುವ ಕುರಿಯ ಹೊಟ್ಟೆ ಸೇರುತ್ತದೆ. ಅದರಿಂದ ಹೊರಬಂದ ಮರಿಹುಳು ರಕ್ತದ ಮೂಲಕ ಮೆದುಳಿಗೋ ಬೆನ್ನುಹುರಿಗೋ ಹೋಗಿ ನೀರುಗುಳ್ಳೆಯಾಗಿ ಬೆಳೆಯುತ್ತದೆ. ಕೆಲವು ತಿಂಗಳ ನಂತರ ಕುರಿ ಮಂದೆ ಬಿಟ್ಟು, ತಲೆ ವಾಲಿಸಿಕೊಂಡು, ನಿಂತಲ್ಲೇ ಸುತ್ತು ಹಾಕತೊಡಗುತ್ತದೆ.

ಮಳೆಗಾಲದ ಹಿಂದೆ ಮುಂದೆ ಕುರಿಗಳಿಗೆ ಜಂತುಹುಳು ಔಷಧಿ ಕುಡಿಸಿದರೆ ಎಲ್ಲ ಹುಳುಗಳ ಕಾಟವೂ ತೀರಿತು ಎಂಬ ನಂಬಿಕೆ ಬಲವಾಗಿದೆ. ಹೊಟ್ಟೆಯ ದುಂಡುಹುಳುಗಳ ಮಟ್ಟಿಗೆ ಅದು ನಿಜ. ಮರಿಗಳು ಮೈ ತುಂಬಿಕೊಳ್ಳುತ್ತವೆ. ಗಿಡ್ ರೋಗದ ತಡೆಯಾಗಿ ಮಾತ್ರ ಈ ಪದ್ಧತಿಗೆ ಸಿಕ್ಕಿರುವ ಹೆಸರು ಸಲ್ಲದ್ದು. ಈ ರೋಗದ ಬಲಿತ ಲಾಡಿಹುಳು ಕುರಿಯ ಕರುಳಿನಲ್ಲಿ ಇಲ್ಲವೇ ಇಲ್ಲ.

ಗುಳ್ಳೆಯನ್ನೇ ಹತ್ತಿರದಿಂದ ನೋಡಬೇಕು. ತಿಳಿನೀರು ತುಂಬಿದ ತೆಳುಚೀಲ, ಬೆಳೆದಾಗ ಕೋಳಿಮೊಟ್ಟೆಯಷ್ಟಾಗುತ್ತದೆ. ಒಳಗೋಡೆಗೆ ಅಕ್ಕಿನುಚ್ಚಿನಂಥ ಬಿಳಿ ಚುಕ್ಕೆಗಳು ಗುಂಪುಗುಂಪಾಗಿ ಅಂಟಿರುತ್ತವೆ. ಒಂದೊಂದು ಚುಕ್ಕೆಯೂ ಒಂದು ಹುಳುವಿನ ತಲೆ. ಒಂದು ಗುಳ್ಳೆಯಲ್ಲಿ ಇಂಥವು ನೂರಾರು. ಸತ್ತ ಕುರಿಯ ಬುರುಡೆಯನ್ನು ರೊಪ್ಪದ ಹಿಂದೆ ಎಸೆದರೆ ನಾಯಿಯ ಬಾಯಿಗೆ ಬೀಳುವುದು ಇದೇ ಚೀಲ. ಸುಮಾರು ಆರು ವಾರಗಳಲ್ಲಿ ಆ ನಾಯಿ ಮೊಟ್ಟೆ ಹರಡತೊಡಗುತ್ತದೆ. ತಡೆಯ ಲೆಕ್ಕವೆಲ್ಲ ಈ ಆರು ವಾರದಲ್ಲಿದೆ. ನಾಯಿಗೆ ಕೆ.ಜಿ. ತೂಕಕ್ಕೆ 5 ಮಿ.ಗ್ರಾಂನಂತೆ ಪ್ರಾಜಿಕ್ವಾಂಟೆಲ್ ಎಂಬ ಲಾಡಿಹುಳು ಮಾತ್ರೆಯನ್ನು ಆರು ವಾರಕ್ಕೊಮ್ಮೆ ಕೊಟ್ಟರೆ ಹುಳು ಮೊಟ್ಟೆಯಿಡುವ ವಯಸ್ಸಿಗೆ ಬರುವ ಮೊದಲೇ ಸಾಯುತ್ತದೆ. ಮೊಟ್ಟೆಯನ್ನು ಈ ಮಾತ್ರೆ ಕೊಲ್ಲದು. ಆದ್ದರಿಂದ ಮಾತ್ರೆ ಕೊಟ್ಟ ಒಂದೆರಡು ದಿನ ನಾಯಿಯನ್ನು ಕಟ್ಟಿಹಾಕಿ, ಮಲವನ್ನು ಸುಡಬೇಕು ಇಲ್ಲವೇ ಆಳವಾಗಿ ಹೂಳಬೇಕು. ಮಾತ್ರೆ ಸಿಕ್ಕಲ್ಲೂ ಈ ಭಾಗ ಬಿಟ್ಟುಹೋಗುತ್ತದೆ.

ದೋಷವೆಲ್ಲ ಬೀದಿನಾಯಿಗಳದು, ಸಂತಾನಹರಣವೇ ಪರಿಹಾರ ಎನ್ನುವವರ ವಾದವೂ ನಿಲ್ಲುವುದಿಲ್ಲ. ಶಸ್ತ್ರಚಿಕಿತ್ಸೆ ನಾಯಿಗಳ ಸಂಖ್ಯೆ ಇಳಿಸೀತು, ಬದುಕಿರುವ ನಾಯಿಯ ಕರುಳಿನ ಹುಳುವನ್ನು ಮುಟ್ಟದು. ಮಂದೆಯ ಜೊತೆ ದಿನವಿಡೀ ಓಡಾಡುವುದು, ಮಂದೆ ಮೇಯುವ ಹುಲ್ಲಲ್ಲೇ ಮಲ ಹಾಕುವುದು ಕುರಿಗಾಹಿಯ ಸ್ವಂತ ನಾಯಿ. ವರ್ಷಕ್ಕೊಮ್ಮೆ ರೇಬೀಸ್ ಲಸಿಕೆಯ ದಿನ ಒಂದು ಮಾತ್ರೆ ಕೊಟ್ಟರೆ ಸಾಕು ಎನ್ನುವವರೂ ಇದ್ದಾರೆ. ಆರು ವಾರದ ಲೆಕ್ಕ ತಿಳಿದವರು ಹಾಗೆ ಹೇಳಲಾರರು.

ನ್ಯೂಜಿಲೆಂಡ್ ಇದೇ ಕುಟುಂಬದ ಇನ್ನೊಂದು ಲಾಡಿಹುಳುವಿನ ಕಾಟವಾದ ಹೈಡಾಟಿಡ್ ರೋಗವನ್ನು ನಾಯಿಯ ಕಡೆಯಿಂದಲೇ ಹಿಡಿಯಿತು. ಈ ರೋಗದ ತಡೆಗೆ ಬಂದ 1959ರ ಕಾನೂನಿನ ಹೊತ್ತಿಗೆ ನಾಯಿಗಳಿಗೆ ಕೊಡುತ್ತಿದ್ದುದು ಅರೆಕೋಲಿನ್, ಅಂದರೆ ಅಡಿಕೆಯ ಸತ್ವ. ಆಮೇಲೆ ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್. ಕುರಿಯ ಹಸಿ ಒಳಅಂಗಗಳು ನಾಯಿಗೆ ಸಿಗದಂತೆಯೂ ನೋಡಿಕೊಳ್ಳಲಾಯಿತು. 2002ರಲ್ಲಿ ದೇಶ ತಾತ್ಕಾಲಿಕ ನೆಲೆಯಲ್ಲಿ ರೋಗಮುಕ್ತಿ ಘೋಷಿಸಿಕೊಂಡಿತು.

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ ಸುತ್ತಿನಂಥ ಕಡೆ ಈ ಕೆಲಸಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಕುರಿ ಸಾಕುವವರು ಸತ್ತ ಕುರಿಯ ತಲೆಯನ್ನು ಹಸಿಯಾಗಿ ಎಸೆಯದೆ ಸುಡಬೇಕು, ಇಲ್ಲವೇ ನಾಯಿ ಕೆದಕದಷ್ಟು ಆಳಕ್ಕೆ ಹೂಳಬೇಕು. ಕುರಿಯ ಔಷಧಿಗೆ ಪಶು ಆಸ್ಪತ್ರೆಗೆ ಹೋದಾಗ ನಾಯಿಯ ಮಾತ್ರೆಯನ್ನೂ ಕೇಳಬೇಕು.