ಮೈದಾನದ ವೇಷ, ನಂದಗಡದ ಸಮಾಧಿ

ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ತವರಿನಲ್ಲಿ ಆಡುವ ದಿನ, ಪಂದ್ಯಕ್ಕೆ ಮುನ್ನ ವಿದ್ಯಾರ್ಥಿಯೊಬ್ಬ ಚುಕ್ಕೆ ಕುದುರೆಯೇರಿ ನಡುಮೈದಾನಕ್ಕೆ ನುಗ್ಗಿ, ಉರಿಯುವ ಈಟಿಯನ್ನು ನೆಲಕ್ಕೆ ನೆಡುತ್ತಾನೆ. ಗ್ಯಾಲರಿಯಲ್ಲಿರುವ ವಿದ್ಯಾರ್ಥಿಗಳು ಕೊಡಲಿ ಬೀಸುವಂತೆ ಕೈಯಾಡಿಸಿ ರಣಕೂಗು ಹಾಕುತ್ತಾರೆ. 1978ರಿಂದ ನಡೆದುಬಂದ ಈ ವೇಷ ಸೆಮಿನೋಲ್ ಬುಡಕಟ್ಟಿನ ವೀರ ಓಸಿಯೋಲನದು. ಬೆಳಗಾವಿ ಜಿಲ್ಲೆಯ ನಂದಗಡದ ಜನರಿಗೆ ಅವನ ಕಥೆ ಹೊಸದೆನಿಸದು. ಮೂಲನಿವಾಸಿಗಳನ್ನು ನೆಲದಿಂದ ಎಬ್ಬಿಸುವ ಕಾಯ್ದೆಯನ್ನು ಅಮೆರಿಕ ಸರ್ಕಾರ 1830ರಲ್ಲಿ ತಂದಿತು. ಅದೇ ವರ್ಷ ಕಿತ್ತೂರಿನ ಬಂಟ ಸಂಗೊಳ್ಳಿ ರಾಯಣ್ಣ ಬ್ರಿಟಿಷರ ಕೈಗೆ ಸಿಕ್ಕ. ಅವನನ್ನು ಹಿಡಿದುಕೊಟ್ಟದ್ದು ನಂಬಿದವರ ಮೋಸ. ಆ ಕಾಯ್ದೆಗೆ ಎದುರುನಿಂತ ಓಸಿಯೋಲನನ್ನು 1837ರಲ್ಲಿ ಹಿಡಿದದ್ದು ಸಂಧಾನದ ಬಿಳಿ ಬಾವುಟದಡಿ. ರಾಯಣ್ಣನನ್ನು ನಂದಗಡದಲ್ಲಿ 1831ರ ಜನವರಿ 26ರಂದು ಗಲ್ಲಿಗೇರಿಸಿದರು. ಓಸಿಯೋಲ 1838ರ ಜನವರಿಯಲ್ಲಿ ಸೆರೆಯಲ್ಲೇ ಸತ್ತ, ವೈದ್ಯನೊಬ್ಬ ಅವನ ತಲೆಯನ್ನು ಕತ್ತರಿಸಿ ಇಟ್ಟುಕೊಂಡ.

ಕಾಲೇಜು ಆಟಕ್ಕೆ ವಿದ್ಯಾರ್ಥಿಗಳ ಬೆಂಬಲ ಬೇಕೇ ಬೇಕು. ಒಂದೇ ಬಣ್ಣ ತೊಟ್ಟು ಒಂದೇ ಕೂಗು ಹಾಕುವಾಗ ಬೇರೆ ಬೇರೆ ಊರಿನ ಹುಡುಗರು ಒಂದು ಬಳಗವಾಗುತ್ತಾರೆ. ನನ್ನ ತಕರಾರು ಆ ಕೂಗಿಗೆ ಮನುಷ್ಯನ ವೇಷ ತೊಡಿಸುವುದರ ಬಗ್ಗೆ. ವೇಷ ಇತಿಹಾಸವನ್ನು ತನಗೆ ಬೇಕಾದಂತೆ ಕತ್ತರಿಸಿಕೊಳ್ಳುತ್ತದೆ. ಓಸಿಯೋಲ ಹೋರಾಡಿದ್ದು ಫ್ಲಾರಿಡಾದ ಜೌಗು ನೆಲದಲ್ಲಿ. ಮೈದಾನದ ಚುಕ್ಕೆ ಕುದುರೆ ದೂರದ ವಾಯವ್ಯದ ನೆಜ್ ಪರ್ಸ್ ಜನರ ತಳಿ. ಈಟಿ ಉಳಿಯಿತು, ಕಾಯ್ದೆ ಮಾಯವಾಯಿತು. ಆಟ ಮುಗಿಸಿ ಮನೆಗೆ ಹೋಗುವವನಿಗೆ ಓಸಿಯೋಲ ಯಾವ ನೆಲಕ್ಕಾಗಿ ಕಾದಾಡಿದ ಎಂದು ಕೇಳಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಬುಡಕಟ್ಟಿನವರೇ ಒಪ್ಪಿದ್ದಾರಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದು. ಇಂಥ ಗುರುತುಗಳಿಗೆ ಕಾಲೇಜು ಕ್ರೀಡೆಗಳ ಮೇಲ್ವಿಚಾರಣೆ ನಡೆಸುವ ಸಂಸ್ಥೆ 2005ರಲ್ಲಿ ನಿರ್ಬಂಧ ಹಾಕಿದಾಗ ಫ್ಲಾರಿಡಾದ ಸೆಮಿನೋಲರು ವಿಶ್ವವಿದ್ಯಾಲಯದ ಪರ ನಿಂತರು, ಅದಕ್ಕೆ ವಿನಾಯಿತಿ ಸಿಕ್ಕಿತು. ಆದರೆ ಇಲಿನಾಯ್ ವಿಶ್ವವಿದ್ಯಾಲಯ ಮೂಲನಿವಾಸಿ ಮುಖಂಡನ ವೇಷದ ತನ್ನ ‘ಚೀಫ್ ಇಲಿನಿವೆಕ್’ ಕುಣಿತವನ್ನು 2007ರಲ್ಲಿ ನಿಲ್ಲಿಸಬೇಕಾಯಿತು. ಒಪ್ಪಿಗೆ ದೊಡ್ಡ ಮಾತು, ಅದಿಲ್ಲದ ವೇಷ ಶುದ್ಧ ಅವಮಾನ. ಆದರೂ ಒಪ್ಪಿಗೆ ಸಿಕ್ಕ ಮಾತ್ರಕ್ಕೆ ವೇಷ ಚರಿತ್ರೆಯಾಗುವುದಿಲ್ಲ. ವೇಷವಿಲ್ಲದಿದ್ದರೆ ಹುಡುಗರು ವೀರರನ್ನು ಮರೆಯುತ್ತಾರೆ ಎನ್ನುವವರು ನಂದಗಡಕ್ಕೆ ಬರಬೇಕು. ಇಲ್ಲಿ ರಾಯಣ್ಣನ ಸಮಾಧಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ಹರಕೆ ಹೊತ್ತು ತೊಟ್ಟಿಲು ಕಟ್ಟುತ್ತಾರೆ. ಯಾವ ತಂಡದ ನೆರವೂ ಇಲ್ಲದೆ ಎರಡು ಶತಮಾನದ ಹತ್ತಿರ ಉಳಿದ ನೆನಪು ಇದು.

ಇಂಥ ವೇಷ ಬೆಳಗಾವಿಗೆ ಬಂದರೆ ಅಪಾಯ ಇನ್ನೊಂದು ಬಗೆಯದು. ಖಾನಾಪುರದ ದಾರಿಯ ಪೀರನವಾಡಿಯಲ್ಲಿ 2020ರಲ್ಲಿ ರಾಯಣ್ಣನ ಪ್ರತಿಮೆ ನಿಂತಾಗ ಶಿವಾಜಿಯ ಹೆಸರು ಹೇಳುವವರಿಗೂ ರಾಯಣ್ಣನ ಹೆಸರು ಹೇಳುವವರಿಗೂ ತಿಕ್ಕಾಟವಾಯಿತು. ಮರುವರ್ಷದ ಡಿಸೆಂಬರ್‌ನಲ್ಲಿ ಆನಗೋಳದಲ್ಲಿ ರಾಯಣ್ಣನ ಪ್ರತಿಮೆಯನ್ನೇ ಭಗ್ನಗೊಳಿಸಿದರು. ಇಂಥ ಊರಿನ ಮೈದಾನದಲ್ಲಿ ಒಂದು ಕಾಲೇಜು ರಾಯಣ್ಣನ ವೇಷ ಕಟ್ಟಿದರೆ ಎದುರಿನ ಕಾಲೇಜು ಶಿವಾಜಿಯ ವೇಷ ಕಟ್ಟುತ್ತದೆ, ಗೋಲಿನ ಲೆಕ್ಕ ಕನ್ನಡ-ಮರಾಠಿ ಗಡಿಯ ಲೆಕ್ಕವಾಗುತ್ತದೆ. ಸರ್ಕಾರಿ ಕಚೇರಿಗಳಿಗೆ ಬೆಂಕಿಯಿಟ್ಟು, ಕಂಪನಿಯ ಕಂದಾಯದ ಹೊರೆಯ ವಿರುದ್ಧ ರೈತರನ್ನು ಕೂಡಿಸಿದ ಕಿತ್ತೂರಿನ ಬಂಟ ಆಗ ಪಕ್ಕದ ಓಣಿಯವರನ್ನು ಕೆಣಕುವ ಗೊಂಬೆಯಾಗುತ್ತಾನೆ. ಸಾಲೆಗೆ, ಕಾಲೇಜಿಗೆ, ಕ್ರೀಡಾಂಗಣಕ್ಕೆ ಅವನ ಹೆಸರಿಡಲಿ, ಅದು ಗೌರವ. ಕತ್ತಿ ಹಿಡಿಸಿ ಗೆರೆಯಾಚೆ ಕುಣಿಸುವುದು ಬೇಡ. ತಂಡಕ್ಕೊಂದು ಗುರುತು ಬೇಕೆಂದರೆ ಖಾನಾಪುರದ ಭೀಮಗಡ ಕಾಡಿನ ಬಾರಾಪೇಡೆ ಗುಹೆಗಳಲ್ಲಿ, ಜಗತ್ತಿನಲ್ಲೇ ಬಲು ಅಪರೂಪದ ಬಾವಲಿಯೊಂದಿದೆ. ಕನ್ನಡದ ಹುಡುಗರೂ ಮರಾಠಿ ಹುಡುಗರೂ ಜಗಳವಿಲ್ಲದೆ ಅದರ ಹೆಸರಲ್ಲಿ ಕೂಗು ಹಾಕಬಹುದು. ಬೆಳಗಾವಿಯ ಕಾಲೇಜುಗಳ ಕ್ರೀಡಾ ವಿಭಾಗಗಳು ಇದನ್ನು ಯೋಚಿಸಲಿ.