ಧ್ವನಿಮುದ್ರಿಕೆ ಮತ್ತು ಕಚೇರಿಯ ಯಾಥಾರ್ಥ್ಯ

ಬೆಂಗಳೂರಿನಲ್ಲಿ 1893ರಲ್ಲಿ ಜನಿಸಿ ವಿಶಾಖಪಟ್ಟಣದಲ್ಲಿ ಬೆಳೆದ ದ್ವಾರಂ ವೆಂಕಟಸ್ವಾಮಿ ನಾಯುಡು ಅವರು 1964ರಲ್ಲಿ ದಿವಂಗತರಾದರು. ಅವರ ಪಿಟೀಲುವಾದನವನ್ನು ಉಳಿಸಿದ 78 ಸುತ್ತಿನ ತಟ್ಟೆಗಳು ಮಗ್ಗುಲೊಂದಕ್ಕೆ ಸುಮಾರು ಮೂರು ನಿಮಿಷದ ನಾದವನ್ನು ಮಾತ್ರ ಹಿಡಿಯಬಲ್ಲವು. ಅದೂ ಒಂದೇ ವಾಹಿನಿಯಲ್ಲಿ. 1948ರಲ್ಲಿ ಆರಂಭವಾದ ವಿಜಯವಾಡದ ಬಾನುಲಿ ನಿಲಯದ ಭಕ್ತಿರಂಜನಿಯೂ ಕೇಳುಗರ ಮನೆಗೆ ಬಂದುದು ಒಂದೇ ಕಿಂಡಿಯಿಂದ. ಸ್ಟೀರಿಯೋ ಮತ್ತು ಸರೌಂಡ್ ಧ್ವನಿಗಳು ಈ ಕೊರತೆಯನ್ನು ನೀಗಿ ಕಚೇರಿಯನ್ನು ಯಥಾವತ್ತಾಗಿ ಮನೆಗೆ ತರಬಲ್ಲವೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಪಕ್ಕದಿಂದ ಬಂದ ನಾದವು ದೂರದ ಕಿವಿಯನ್ನು ಸೇರಲು ಹೆಚ್ಚೆಂದರೆ ಸುಮಾರು 0.7 ಮಿಲಿಸೆಕೆಂಡು ತಡವಾಗುತ್ತದೆ. ಇಂತಹ ಅಂತರಗಳಿಂದಲೇ ಮನಸ್ಸು ದಿಕ್ಕನ್ನು ಗ್ರಹಿಸುವುದು. ಆಂಗ್ಲ ಎಂಜಿನಿಯರ್ ಅಲನ್ ಬ್ಲೂಮ್‌ಲೈನ್ 1931ರಲ್ಲಿ ಸಲ್ಲಿಸಿದ ಸ್ಟೀರಿಯೋ ಪೇಟೆಂಟಿಗೆ ಇದೇ ತತ್ತ್ವ ಆಧಾರ. ಎರಡು ಧ್ವನಿವರ್ಧಕಗಳಿಗೂ ಸಮದೂರದಲ್ಲಿ ಕುಳಿತವನಿಗೆ ಗಾಯಕನ ಕಂಠವು ಅವುಗಳ ನಡುವಣ ಬರಿದಾದ ಎಡೆಯಿಂದ ಕೇಳಿಸುತ್ತದೆ. ಆದರೆ ಆತ ಮೊಳದಷ್ಟು ಸರಿದರೂ ಕಂಠವು ಹತ್ತಿರದ ಪೆಟ್ಟಿಗೆಯ ಕಡೆಗೆ ವಾಲುತ್ತದೆ. ಮೇಲಾಗಿ, ಸಭಾಂಗಣದ ಗೋಡೆಗಳಿಂದ ಸುತ್ತಲೂ ಮರಳುತ್ತಿದ್ದ ಅನುರಣನವೆಲ್ಲ ಇಲ್ಲಿ ಮುಂದಿನಿಂದಲೇ ಬರುತ್ತದೆ.

ಈ ಎರಡನೆಯ ದೋಷಕ್ಕೆ ಸರೌಂಡ್ ಪದ್ಧತಿಯು ಪರಿಹಾರವೆಂಬುದು ನಿಜ. ಐದು ಧ್ವನಿವರ್ಧಕಗಳೂ ಮಂದ್ರನಾದಕ್ಕೆಂದೇ ಮತ್ತೊಂದೂ ಸೇರಿ ಆವರಣದ ಅನುಭವವನ್ನು ನೀಡುತ್ತವೆ. ಆದರೂ ಮುದ್ರಿತವಾದ ಸಭಾಂಗಣದ ಮೇಲೆ ಕೇಳುವವನ ಕೊಠಡಿಯ ಅನುರಣನವೂ ಸೇರದೆ ಬಿಡದು. ಮೃದಂಗವು ಎರಡು ಮುಖಗಳಿಂದಲೂ ನಾದವನ್ನು ಚೆಲ್ಲುವ ರೀತಿ ಬೇರೆ, ಪೆಟ್ಟಿಗೆಯು ಚೆಲ್ಲುವ ರೀತಿ ಬೇರೆ.

ಇದಕ್ಕಿಂತಲೂ ಮೂಲಭೂತವಾದುದು, ಯಾವುದರ ಪ್ರತಿರೂಪ ಎಂಬ ಪ್ರಶ್ನೆ. ಇಂದಿನ ಸಭೆಗಳಲ್ಲಿ ರಸಿಕರು ಕೇಳುವುದು ಸಾಮಾನ್ಯವಾಗಿ ಧ್ವನಿವರ್ಧಕದ ಮೂಲಕವೇ. ಮುದ್ರಣಾಲಯದಲ್ಲಿ ಕಂಠ, ಪಿಟೀಲು, ಮೃದಂಗಗಳಿಗೆ ಬೇರೆ ಬೇರೆ ಮೈಕುಗಳನ್ನಿಟ್ಟು, ಯಾರು ಎಡಕ್ಕೆ ಯಾರು ಬಲಕ್ಕೆ ಎಂಬುದನ್ನು ಮಿಶ್ರಣ ಮಾಡುವವನು ನಿರ್ಣಯಿಸುವುದುಂಟು. ಅಂತಹ ಸ್ಟೀರಿಯೋ ಕಚೇರಿಯ ಚಿತ್ರವೆನಿಸಲಾರದು. ಅದೊಂದು ಸ್ವತಂತ್ರ ರಚನೆ.

ಹಾಗೆಂದು ಅದರ ಲಾಭವನ್ನು ಅಲ್ಲಗಳೆಯಲಾಗದು. ಪಿಟೀಲು ಕಂಠವನ್ನು ನೆರಳಿನಂತೆ ಹಿಂಬಾಲಿಸುವಾಗ ಎರಡನ್ನೂ ಬೇರ್ಪಡಿಸಿ ಕೇಳಲು ದಿಕ್ಕಿನ ಭೇದ ನೆರವಾಗುತ್ತದೆ. ಆದರೆ ಗಮಕ, ಶ್ರುತಿ, ಕಾಲಪ್ರಮಾಣ, ಕಮಾನಿನ ಒತ್ತು ಇವು ದಿಕ್ಕನ್ನು ಅವಲಂಬಿಸಿದವುಗಳಲ್ಲ. ದ್ವಾರಂ ಅವರ ಸವೆದ ತಟ್ಟೆಯಲ್ಲಿಯೂ ಇವು ಉಳಿದಿವೆ.

ಆದಕಾರಣ ಸ್ಟೀರಿಯೋ ನಾದದ ನೆಲೆಯನ್ನು ಸೂಚಿಸುತ್ತದೆ, ಸರೌಂಡ್ ಅದರ ಆವರಣವನ್ನು. ಎರಡೂ ಸಾದೃಶ್ಯಗಳೇ ಹೊರತು ತಾದ್ರೂಪ್ಯಗಳಲ್ಲ. ಹೊಸ ಕಚೇರಿಗಳನ್ನು ಧ್ವನಿವರ್ಧಕವಿಲ್ಲದ ಸಣ್ಣ ಸಭಾಂಗಣದಲ್ಲಿ, ರಸಿಕನು ಕೂರುವ ಸ್ಥಾನದಲ್ಲಿ ಜೋಡಿ ಮೈಕುಗಳನ್ನಿಟ್ಟು ಮುದ್ರಿಸಿದರೆ ಸಾದೃಶ್ಯವಾದರೂ ಪ್ರಾಮಾಣಿಕವಾದೀತು. ಒಂದೇ ವಾಹಿನಿಯ ಹಳೆಯ ಮುದ್ರಿಕೆಗಳನ್ನು ಕೃತಕವಾಗಿ ಸೀಳಿ ನಾಲ್ಕು ದಿಕ್ಕಿಗೆ ಹಂಚುವುದು ಮಾತ್ರ ಸಲ್ಲದು. ಅಲ್ಲಿ ಇಲ್ಲದ ಸಭೆಯನ್ನು ಕಟ್ಟಹೊರಟರೆ, ಇರುವ ನಾದಕ್ಕೇ ಕುಂದು ಬಂದೀತು.