ಕೆಸರು ಕಾಣದ ಕೆಸರಿನ ಟೈರು

ನಮ್ಮ ಆಫೀಸಿನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಈಗ ಹನ್ನೊಂದು ಥಾರ್, ನಾಲ್ಕು ಜಿಮ್ನಿ ನಿಲ್ಲುತ್ತವೆ. ಲಿಫ್ಟ್ ಕಾಯುವಾಗ ಬೇರೆ ಕೆಲಸ ಇರಲ್ಲ, ಎಣಿಸಿದ್ದೇನೆ. ಅದರಲ್ಲಿ ಆರು ಗಾಡಿಗಳಲ್ಲಿ ಕಂಪನಿಯವರು ಹಾಕಿಕೊಟ್ಟ ಟೈರು ಇಲ್ಲ. ಒಳ್ಳೇ ಟೈರನ್ನು ತೆಗೆಸಿ, ಬ್ಲಾಕುಗಳ ನಡುವೆ ಎರಡು ಬೆರಳು ತೂರುವಷ್ಟು ಸಂದಿ ಇರುವ ಮಡ್ ಟೆರೇನ್ ಹಾಕಿಸಿದ್ದಾರೆ. ಬಿಳಿ ಅಕ್ಷರ ಹೊರಗೆ ಕಾಣಬೇಕು, ಅದು ಕಡ್ಡಾಯ. ಆ ಟೈರುಗಳ ಸಂದಿಯಲ್ಲಿ ಇವತ್ತಿನವರೆಗೆ ನಾನು ಕಂಡಿದ್ದು ಔಟರ್ ರಿಂಗ್ ರೋಡಿನ ಜಲ್ಲಿ ಕಲ್ಲು ಮಾತ್ರ.

ಅವರವರ ದುಡ್ಡು, ಅವರವರ ಶೋಕಿ. ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಟೈರಿನ ಬಗ್ಗೆ ನಾವು ಮಾತಾಡುವ ರೀತಿಯ ಬಗ್ಗೆ. ವಿಡಿಯೋ ರಿವ್ಯೂಗಳಲ್ಲಿ, ಅಂಗಡಿಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ ಎಲ್ಲ ಕಡೆ ಒಂದೇ ಪದ: 'ಗಟ್ಟಿ'. ಈ ಟೈರು ಸಖತ್ ಗಟ್ಟಿ, ಆ ಟೈರು ಅಷ್ಟು ಗಟ್ಟಿ ಇಲ್ಲ. ಯಾವುದಕ್ಕೆ ಗಟ್ಟಿ ಅಂತ ಯಾರೂ ಕೇಳಲ್ಲ.

ಗಟ್ಟಿ ಅನ್ನೋದು ಒಂದೇ ಗುಣ ಅಲ್ಲ. ಟ್ರೆಡ್ಡು ಬೇಗ ಸವೆಯಬಾರದು ಅನ್ನೋದು ಒಂದು. ಪಕ್ಕದ ಗೋಡೆ, ಅಂದ್ರೆ ಸೈಡ್‌ವಾಲ್, ಚೂಪು ಕಲ್ಲಿಗೆ ಸೀಳಬಾರದು ಅನ್ನೋದು ಇನ್ನೊಂದು. ಬಿಸಿ ತಡೆಯಬೇಕು, ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ರಬ್ಬರು ಬಿರಿಯಬಾರದು, ಇವು ಬೇರೆ. ಇವೆಲ್ಲ ಒಂದಕ್ಕೊಂದು ಜಗಳ ಆಡುವ ಗುಣಗಳು. ಸೈಡ್‌ವಾಲ್ ದಪ್ಪ ಮಾಡಿದರೆ ಸೀಳುವುದು ಕಡಿಮೆ, ಆದರೆ ತೂಕ ಜಾಸ್ತಿ, ಬಾಗುವುದು ಕಡಿಮೆ, ಕುಲುಕಾಟ ಹೆಚ್ಚು. ರಬ್ಬರು ಗಡುಸಾದರೆ ಹೆಚ್ಚು ಕಿಲೋಮೀಟರ್ ಬರುತ್ತೆ, ಆದರೆ ಮಳೆಯ ಡಾಂಬರಿನಲ್ಲಿ ಹಿಡಿತ ಕಡಿಮೆ. ಎಲ್ಲ ಸೇರಿಸಿ 'ಹತ್ತಕ್ಕೆ ಒಂಬತ್ತು' ಅಂತ ಒಂದು ಅಂಕ ಕೊಡುವ ರಿವ್ಯೂ ನನಗೆ ಏನನ್ನೂ ಹೇಳಿಲ್ಲ.

ಅದಕ್ಕಿಂತ ತಮಾಷೆ, ಈ ರಿವ್ಯೂಗಳಲ್ಲಿ ಬಹುಪಾಲು ಹೊಸ ಟೈರಿನದು. ಹಾಕಿಸಿದ ದಿನ ಅಥವಾ ಮಾರನೇ ವಾರ ಒಂದು ಗುಡ್ಡ ಹತ್ತಿಸಿ, ಡ್ರೋನ್ ಹಾರಿಸಿ, 'ಬಾಳಿಕೆ ಸೂಪರ್' ಅಂತಾರೆ. ಹೊಸ ಸರ್ವರ್‌ಗೆ ಒಂದು ರಿಕ್ವೆಸ್ಟ್ ಕಳಿಸಿ, ಉತ್ತರ ಬಂತು ಅಂತ 'ಸಿಸ್ಟಂ ಸ್ಟೇಬಲ್' ಅಂದ ಹಾಗೆ. ನಮ್ಮ ಟೀಮಿನಲ್ಲಿ ಯಾರಾದರೂ ಹಾಗೆ ಸೈನ್ ಆಫ್ ಕೊಟ್ಟರೆ ಮ್ಯಾನೇಜರ್ ಬಿಡ್ತಾರಾ? ಅದೇ ನಾವು ಸಂಜೆ ಮನೆಗೆ ಹೋಗಿ ಅಂಥದ್ದೇ ವಿಡಿಯೋ ನೋಡಿ ಐದು ಟೈರು ಬುಕ್ ಮಾಡ್ತೀವಿ. ಮೂವತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ, ಎರಡು ಮಳೆಗಾಲ ಕಳೆದ ಮೇಲೆ ಅದೇ ಟೈರು ಹೇಗಿದೆ ಅಂತ ಹೇಳುವವರು ಬಹಳ ಕಡಿಮೆ.

ನಮ್ಮೂರು ಗದಗ ಜಿಲ್ಲೆಯ ಎರಿ ಹೊಲದ ಊರು. ಕೆಸರು ಅಂದ್ರೆ ನಮಗೆ ವೀಕೆಂಡ್ ಅಲ್ಲ, ಮುಂಗಾರಿನಿಂದ ಹಿಂಗಾರಿನವರೆಗೆ ಹೊಲಕ್ಕೆ ಹೋಗೋ ದಾರಿ. ಹಸಿ ಎರಿ ಮಣ್ಣು ಚಪ್ಪಲಿಗೆ ಮೆತ್ತಿದರೆ ನಾಲ್ಕು ಹೆಜ್ಜೆಗೆ ಕಾಲು ಒಂದು ಕೇಜಿ ಭಾರ. ಟೈರಿಗೂ ಅದೇ ಗತಿ. ಮಡ್ ಟೆರೇನ್ ಟೈರಿನ ದೊಡ್ಡ ಸಂದಿ ಇರುವುದೇ ಮಣ್ಣನ್ನು ಎಸೆದು ತನ್ನನ್ನು ತಾನೇ ಚೊಕ್ಕ ಮಾಡಿಕೊಳ್ಳಲಿಕ್ಕೆ. ಮಲೆನಾಡಿನ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಅದು ಆ ಕೆಲಸ ಚೆನ್ನಾಗೇ ಮಾಡುತ್ತೆ. ಎರಿ ಮಣ್ಣು ಜಿಗುಟು, ಅಷ್ಟು ಸುಲಭಕ್ಕೆ ಬಿಡಲ್ಲ. ನಿಧಾನವಾಗಿ ಹೋದರೆ ಸಂದಿ ತುಂಬಿ ಟೈರು ಬೋಳಾಗುತ್ತೆ, ಜೋರಾಗಿ ತಿರುಗಿಸಿದರೆ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತೆ. ಹೋದ ವರ್ಷ ಗೆಳೆಯನೊಬ್ಬ ಹೊಸ ಟೈರಿನ ಥಾರ್ ತಂದು, ಮಳೆ ನಿಂತ ಮಾರನೇ ದಿನ ನಮ್ಮ ಹೊಲಕ್ಕೆ ಇಳಿಸ್ತೀನಿ ಅಂದ. ಟ್ರ್ಯಾಕ್ಟರ್ ಓಡಿಸಿಕೊಂಡೇ ಕೂದಲು ಹಣ್ಣಾಗಿರುವ ನಮ್ಮ ಕಾಕಾ ಟೈರಿನ ಸುತ್ತ ಒಂದು ಸುತ್ತು ಬಂದು, 'ಗಾಲಿ ಚಲೋ ಅದಾವಪಾ. ಆದ್ರ ಹಸಿ ಎರಿ ಅಂದ್ರ ಹಸಿ ಎರಿ. ಎರಡು ದಿವಸ ಬಿಸಲು ಬೀಳ್ಲಿ, ಆಮ್ಯಾಲೆ ಇಳಸು' ಅಂದ್ರು. ನಾನು ನೋಡಿದ ಯಾವ ರಿವ್ಯೂದಲ್ಲೂ ಈ ಸಾಲು ಇಲ್ಲ, ಯಾಕಂದ್ರೆ ಇದರಿಂದ ಟೈರು ಮಾರಾಟ ಆಗಲ್ಲ.

ರೈತರು ಟೈರನ್ನು ಮಣ್ಣಿಗೆ ತಕ್ಕ ಹಾಗೆ ನೋಡುತ್ತಾರೆ. ಗಂಗಾವತಿ ಕಡೆ ಭತ್ತದ ಗದ್ದೆಗೆ ಇಳಿಯುವ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಹಾಕ್ತಾರೆ, ಡಾಂಬರಿಗೆ ಬರುವಾಗ ಅದನ್ನು ಬಿಚ್ಚಬೇಕು. ಹಿಡಿತ ಸಾಲದಿದ್ದರೆ ಹಿಂದಿನ ಟೈರಿಗೆ ನೀರು ತುಂಬಿಸಿ ತೂಕ ಏರಿಸ್ತಾರೆ. ಟ್ರ್ಯಾಕ್ಟರಿನ ಎತ್ತರದ ಲಗ್ಗುಗಳು ಹೊಲದಲ್ಲಿ ವರ್ಷಗಟ್ಟಲೆ ಬಾಳುತ್ತವೆ, ಅದೇ ಟ್ರ್ಯಾಕ್ಟರನ್ನು ದಿನಾ ಟಾರ್ ರೋಡಿನ ಬಾಡಿಗೆಗೆ ಬಿಟ್ಟರೆ ಬೇಗ ಸವೆಯುತ್ತವೆ. ಮಡ್ ಟೆರೇನಿನ ಎತ್ತರದ ಬ್ಲಾಕುಗಳ ಕತೆಯೂ ಇದೇ. ಡಾಂಬರಿನ ಮೇಲೆ ಅವು ಓಲಾಡುತ್ತವೆ, ಬಿಸಿಯಾಗುತ್ತವೆ, ಅಂಚು ಮೇಲೆ ಕೆಳಗೆ ಸವೆಯುತ್ತವೆ, ಆಮೇಲೆ ಜೇನುಹುಳುವಿನ ಹಾಗೆ ಗುಂಯ್ ಅನ್ನುತ್ತವೆ. ಟ್ರೆಡ್ಡು ಆಳ ಇದ್ದ ಮಾತ್ರಕ್ಕೆ ಆಯಸ್ಸು ಹೆಚ್ಚು ಅನ್ನೋ ಲೆಕ್ಕ ಅರ್ಧ ಸತ್ಯ.

ಶಬ್ದಕ್ಕೆ ಮ್ಯೂಸಿಕ್ ಜೋರು ಮಾಡಬಹುದು, ಬಿಡಿ. ನನಗೆ ಭಯ ಇರುವುದು ಬ್ರೇಕಿನ ಬಗ್ಗೆ. ಒದ್ದೆ ಡಾಂಬರಿನಲ್ಲಿ ಗಾಡಿ ನಿಲ್ಲಬೇಕಾದರೆ ರಸ್ತೆಗೆ ತಾಗುವ ರಬ್ಬರು ಬೇಕು, ಆ ರಬ್ಬರಿನಲ್ಲಿ ಕೂದಲಿನಂಥ ಸಣ್ಣ ಸೀಳುಗಳು ಬೇಕು. ನೀರಿನ ತೆಳು ಪದರ ಒಡೆಯುವುದು ಆ ಸೀಳುಗಳೇ. ಮಡ್ ಟೆರೇನಿನಲ್ಲಿ ಎರಡೂ ಕಡಿಮೆ. ಆಗಸ್ಟಿನಲ್ಲಿ ಶಿರಾಡಿಯೋ ಚಾರ್ಮಾಡಿಯೋ ಇಳಿಯುವಾಗ, ತಿರುವಿನಲ್ಲಿ ಬಸ್ಸು ಎದುರಾದರೆ, ಬೇಕಾಗುವುದು ಕೆಸರು ಎಸೆಯುವ ಬ್ಲಾಕು ಅಲ್ಲ. ನಾವು ಟ್ರೇಲ್‌ಗೆ ಹೋಗುವ ದಾರಿಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಡಾಂಬರೇ. ಹಿಂದಿನ ಸೀಟಿನಲ್ಲಿ ಮಕ್ಕಳಿರುವುದೂ ಆ ತೊಂಬತ್ತೈದು ಪಾಲಿನಲ್ಲಿ. ಉಳಿದ ಐದು ಪಾಲಿನಲ್ಲಿ ಸಿಕ್ಕಿಹಾಕಿಕೊಂಡರೆ ಯಾರಾದರೂ ಹಗ್ಗ ಹಾಕಿ ಎಳೀತಾರೆ.

ಹಾಗಾದರೆ ಏನು ಹಾಕಿಸಬೇಕು? ನನ್ನ ಅಭಿಪ್ರಾಯ: ನಮ್ಮಂಥವರಿಗೆ ಆಲ್ ಟೆರೇನ್ ಸಾಕು, ಅದರಲ್ಲೂ ಸೀಳುಗಳು ಹೆಚ್ಚಿರುವ, ಸಂದಿ ಅತಿ ಅಗಲ ಇಲ್ಲದ್ದು. ಈ ಜಾತಿಯ ರೇಡಿಯಲ್ ಟೈರು ಹೊಸತೇನಲ್ಲ, ಬಿಎಫ್‌ಗುಡ್‌ರಿಚ್ 1976ರಲ್ಲೇ ತಂದಿತ್ತು. ಮರುಭೂಮಿ ರೇಸು ಓಡಿ ಮತ್ತೆ ಅದೇ ಟೈರಿನಲ್ಲಿ ಮನೆಗೂ ಬರಬೇಕು ಅನ್ನೋ ಅಮೆರಿಕದವರ ಅಗತ್ಯ ಅದರ ಹಿಂದಿತ್ತು. ವರ್ಷಕ್ಕೆ ಎರಡು ಸಲ ಹೋಮ್‌ಸ್ಟೇಯ ಮಣ್ಣು ದಾರಿ ಬಿಟ್ಟರೆ ಬೇರೇನೂ ಇಲ್ಲ ಅನ್ನುವವರಿಗೆ ಹೆದ್ದಾರಿ ಟೈರೇ ಸರಿ, ನಾಚಿಕೆ ಪಡಬೇಕಾದ್ದಿಲ್ಲ. ಕಾಫಿ ತೋಟ ಇದೆ, ಮಳೆಗಾಲದಲ್ಲೂ ದಿನಾ ಹತ್ತಿ ಇಳಿಯಬೇಕು ಅನ್ನುವವರು ಮಡ್ ಟೆರೇನ್ ಹಾಕಿಸಲಿ. ಅದು ಹುಟ್ಟಿದ್ದೇ ಅವರಿಗಾಗಿ.

ಪ್ಯಾಟರ್ನಿಗಿಂತ ನಾನು ಹೆಚ್ಚು ಹೊತ್ತು ನೋಡುವುದು ಸೈಡ್‌ವಾಲನ್ನು. ಕಲ್ಲಿನ ದಾರಿಯಲ್ಲಿ ಟೈರು ಸಾಯುವುದು ಬಹಳ ಸಲ ಪಕ್ಕದಿಂದ. ಟ್ರೆಡ್ಡಿಗೆ ಮೊಳೆ ಹೊಕ್ಕರೆ ಪಂಕ್ಚರ್ ಅಂಗಡಿಯವನು ಐದು ನಿಮಿಷದಲ್ಲಿ ಹಾಕಿಕೊಡ್ತಾನೆ, ಸೈಡ್‌ವಾಲ್ ಸೀಳಿದರೆ ಟೈರು ಎಸೆಯಬೇಕು. ಇಲ್ಲಿ ಒಂದು ತಮಾಷೆ ಇದೆ. 2020ರ ಥಾರ್ ಬಂದಾಗ ಮೇಲಿನ ಎಲ್‌ಎಕ್ಸ್ ಮಾಡೆಲ್ಲಿಗೆ 255/65 ಆರ್18, ಕೆಳಗಿನ ಎಎಕ್ಸ್ ಮಾಡೆಲ್ಲಿಗೆ 245/75 ಆರ್16 ಕೊಟ್ಟರು. ಲೆಕ್ಕ ಹಾಕಿ: ಮೊದಲನೆಯದರ ಸೈಡ್‌ವಾಲ್ ಎತ್ತರ 255ರ ಶೇಕಡಾ 65, ಅಂದ್ರೆ ಸುಮಾರು 166 ಮಿಲಿಮೀಟರ್. ಎರಡನೆಯದರದು ಸುಮಾರು 184. ಕಡಿಮೆ ದುಡ್ಡಿನ ಗಾಡಿಯಲ್ಲಿ ಕಲ್ಲಿಗೂ ರಿಮ್ಮಿಗೂ ನಡುವೆ ಹೆಚ್ಚು ರಬ್ಬರಿದೆ, ಗಾಳಿ ಇಳಿಸಲು ಹೆಚ್ಚು ಜಾಗವಿದೆ. ಆಫ್‌ರೋಡ್ ಮಾಡುವವರಿಗೆ ಒಳ್ಳೆಯದು ಅದೇ. ನಾವು ಹೆಚ್ಚು ದುಡ್ಡು ಕೊಟ್ಟು ದೊಡ್ಡ ಅಲಾಯ್ ತಗೊಂಡು, ಆಮೇಲೆ ಮತ್ತೆ ದುಡ್ಡು ಕೊಟ್ಟು ಕೆಸರಿನ ಟೈರು ಹಾಕಿಸ್ತೀವಿ.

ದಪ್ಪ ಬೇಕು ಅಂತ ಲಾರಿಗಾಗುವಷ್ಟು ದಪ್ಪವೂ ಬೇಡ. ಲೋಡ್ ರೇಂಜ್ ಇ, ಹತ್ತು ಪ್ಲೈ ರೇಟಿಂಗ್ ಅಂತ ಬರುವ ಟೈರುಗಳಿವೆ. ಹತ್ತು ಪ್ಲೈ ಅಂದ್ರೆ ಒಳಗೆ ಹತ್ತು ಪದರ ಇದೆ ಅಂತಲ್ಲ, ಅದು ಭಾರ ತಡೆಯುವ ಶಕ್ತಿಯ ಹಳೇ ಕಾಲದ ಅಳತೆ. ಭಾರ ಹೊರುವ ದೊಡ್ಡ ಪಿಕಪ್‌ಗಳಿಗೆ ಮಾಡಿದ್ದನ್ನು ಸುಮಾರು 1200 ಕೇಜಿಯ ಜಿಮ್ನಿಗೆ ಹಾಕಿದರೆ ಟೈರು ಬಾಗುವುದೇ ಇಲ್ಲ. ಬಾಗದ ಟೈರು ಕಲ್ಲನ್ನು ತಬ್ಬಲ್ಲ, ಕಲ್ಲಿನ ಮೇಲೆ ಪುಟಿಯುತ್ತೆ. ಸೈಜು ಏರಿಸುವುದರಲ್ಲೂ ಹೀಗೇ. ವ್ಯಾಸ ಐದು ಪರ್ಸೆಂಟ್ ಹೆಚ್ಚಾದರೆ, ಸ್ಪೀಡೋಮೀಟರು ಮೊದಲು ಸರಿಯಾಗಿತ್ತು ಅಂತಿಟ್ಟುಕೊಂಡರೆ, ಅದು ನೂರು ತೋರಿಸುವಾಗ ನೀವು ನೂರೈದರಲ್ಲಿದ್ದೀರಿ. ಇಂಜಿನ್ನು ಹೆಚ್ಚು ಒದ್ದಾಡುತ್ತೆ, ಬ್ರೇಕಿಗೆ ಕೆಲಸ ಜಾಸ್ತಿ. ಲೋಡ್ ಇಂಡೆಕ್ಸ್ ಮಾತ್ರ ಕಂಪನಿ ಕೊಟ್ಟಿದ್ದಕ್ಕಿಂತ ಕೆಳಗೆ ಹೋಗಲೇಬಾರದು.

ಆಫ್‌ರೋಡ್ ಅನುಭವವನ್ನು ಅತಿ ಹೆಚ್ಚು ಬದಲಿಸುವ ವಸ್ತು ಟೈರು ಅಲ್ಲ, ಗಾಳಿ. ಮೂವತ್ತು ಚಿಲ್ಲರೆ ಪಿಎಸ್‌ಐ ಇರುವುದನ್ನು ಇಪ್ಪತ್ತರ ಆಸುಪಾಸಿಗೆ ಇಳಿಸಿ ನೋಡಿ. ಟೈರು ಉದ್ದಕ್ಕೆ ಚಪ್ಪಟೆಯಾಗಿ ನೆಲ ಹಿಡಿಯುತ್ತೆ, ಸಾಧಾರಣ ಟೈರೂ ಹತ್ತುತ್ತೆ. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಬೇಕು, ಇಲ್ಲದಿದ್ದರೆ ವೇಗದಲ್ಲಿ ಸೈಡ್‌ವಾಲ್ ಬಿಸಿಯಾಗಿ ಒಳಗಿನಿಂದಲೇ ಹಾಳಾಗುತ್ತೆ. ಇದಕ್ಕೆ ಬೇಕಿರುವುದು ಒಂದು ಗೇಜು, ಹನ್ನೆರಡು ವೋಲ್ಟಿನ ಒಂದು ಕಂಪ್ರೆಸರು, ಹದಿನೈದು ನಿಮಿಷದ ತಾಳ್ಮೆ. ಬಿಳಿ ಅಕ್ಷರ ಇಲ್ಲ ನೋಡಿ, ಅದಕ್ಕೇ ಯಾರೂ ಇದರ ಬಗ್ಗೆ ಮಾತಾಡಲ್ಲ. ಹಳೇ ಜೀಪಿನ ಟೈರು 6.00-16, ನಮ್ಮ ಥಾರ್ ಟೈರಿನ ಪಕ್ಕದಲ್ಲಿಟ್ಟರೆ ಕಡ್ಡಿಯ ಹಾಗೆ ಕಾಣುತ್ತೆ. ಅಂಥ ಟೈರಿನಲ್ಲೇ ನಮ್ಮ ಘಟ್ಟದ ಜೀಪುಗಳು ವರ್ಷಗಟ್ಟಲೆ ಜನರನ್ನು ಹೊತ್ತು ಕಲ್ಲು ದಾರಿ ಹತ್ತಿವೆ. ಕೊಡಚಾದ್ರಿಗೆ ಜೀಪಿನಲ್ಲಿ ಹೋದವರು ಮುಂದಿನ ಸಲ ಡ್ರೈವರ್ ಪಕ್ಕ ಕೂತು, ಅವರು ಚಕ್ರ ಎಲ್ಲಿ ಇಡ್ತಾರೆ ಅಂತ ಗಮನಿಸಿ.

ಬೆಟ್ಟದ ಮಾತು ಬಂತು, ಹೇಳಿಬಿಡ್ತೀನಿ. ಮಳೆಯಲ್ಲಿ ನೆನೆದ ಹುಲ್ಲುಗಾವಲಿನ ಮೇಲೆ ಈ ದೊಡ್ಡ ಬ್ಲಾಕಿನ ಟೈರು ಗರಗರ ತಿರುಗಿದರೆ ಹುಲ್ಲಿನ ಚರ್ಮ ಕಿತ್ತು ಬರುತ್ತೆ. ಆ ಗಾಲಿ ಜಾಡೇ ಮುಂದಿನ ಮಳೆಗೆ ಕಾಲುವೆ. ಚಿಕ್ಕಮಗಳೂರು, ಕೊಡಗಿನ ಗುಡ್ಡಗಳಲ್ಲಿ ಓಡಾಡುವವರು ಇಂಥ ಜಾಡು ಕಂಡೇ ಇರ್ತಾರೆ. ಹತ್ತಲಿಲ್ಲ ಅಂದ್ರೆ ಇಳಿದು ನಡೀರಿ, ಸ್ವಾಮಿ.

ಇನ್ನು ಬಾಳಿಕೆ. ನಮ್ಮಲ್ಲಿ ಹೆಚ್ಚಿನವರ ಎರಡನೇ ಗಾಡಿ ಇದು. ವರ್ಷಕ್ಕೆ ಆರು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಆ ಲೆಕ್ಕದಲ್ಲಿ 'ಅರವತ್ತು ಸಾವಿರ ಕಿಲೋಮೀಟರ್ ಬರುತ್ತೆ' ಅನ್ನೋ ಮಾತಿಗೆ ಹತ್ತು ವರ್ಷ ಬೇಕು. ಹತ್ತು ವರ್ಷ ದಾಟಿದ ಟೈರನ್ನು ನೋಡಲು ಹೇಗೇ ಇದ್ದರೂ ತೆಗೆಯಿರಿ ಅಂತ ಹಲವು ತಯಾರಕರೇ ಹೇಳ್ತಾರೆ. ಅಂದ್ರೆ ನಿಮ್ಮ ಟೈರು ಸವೆದು ಸಾಯಲ್ಲ, ವಯಸ್ಸಾಗಿ ಸಾಯುತ್ತೆ. ಹಾಗಿರುವಾಗ ಹೆಚ್ಚು ಕಿಲೋಮೀಟರಿನ ಗಡಸು ರಬ್ಬರಿಗಾಗಿ ಮಳೆಯ ಹಿಡಿತ ಬಿಟ್ಟುಕೊಡೋದು ಯಾವ ಲಾಭಕ್ಕೆ? ಕಾನೂನಿನ ಪ್ರಕಾರ ಟ್ರೆಡ್ಡು 1.6 ಮಿಲಿಮೀಟರ್ ಉಳಿದಿರಬೇಕು. ಮಳೆಗಾಲಕ್ಕೆ ಮುಂಚೆ ನಾನು ಅಷ್ಟರವರೆಗೆ ಕಾಯಲ್ಲ.

ಕೊಳ್ಳುವ ದಿನ ಟೈರಿನ ಪಕ್ಕದಲ್ಲಿ ಡಾಟ್ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2324 ಅಂದ್ರೆ 2024ರ 23ನೇ ವಾರ ತಯಾರಾದದ್ದು. ಒಂದು ಅಂಗಡಿಯಲ್ಲಿ ನನಗೆ 'ಹೊಸ ಸ್ಟಾಕು ಸಾರ್' ಅಂತ ತೋರಿಸಿದ ಐದರಲ್ಲಿ ಎರಡಕ್ಕೆ ಮೂರು ವರ್ಷ ತುಂಬಿತ್ತು. ಐದು ಅಂತ ಯಾಕೆ ಹೇಳ್ತಿದೀನಿ ಅಂದ್ರೆ, ಸ್ಟೆಪ್ನಿಯೂ ಅದೇ ಸೈಜು ಅದೇ ಪ್ಯಾಟರ್ನ್ ಇರಬೇಕು. ಥಾರ್, ಜಿಮ್ನಿಯಲ್ಲಿ ಫೋರ್‌ವೀಲ್ ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್ಲು ಒಂದೇ ವೇಗದಲ್ಲಿ ತಿರುಗಲೇಬೇಕು, ನಡುವೆ ಡಿಫರೆನ್ಷಿಯಲ್ ಇಲ್ಲ. ಒಂದು ಟೈರು ಸವೆದದ್ದು, ಒಂದು ಹೊಸತು ಅಂತಿದ್ದರೆ ಆ ವ್ಯತ್ಯಾಸದ ಎಳೆದಾಟವನ್ನೆಲ್ಲ ಗೇರು, ಶಾಫ್ಟು ತಿನ್ನಬೇಕಾಗುತ್ತೆ. ಎಂಟು-ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಸ್ಟೆಪ್ನಿಯನ್ನೂ ಸೇರಿಸಿ ಐದನ್ನೂ ಅದಲು ಬದಲು ಮಾಡಿಸಿದರೆ ಎಲ್ಲ ಸಮನಾಗಿ ಸವೆಯುತ್ತವೆ. ಐದಕ್ಕೂ ಒಂದೇ ಬಿಲ್ಲು ಮಾಡಿಸಿ, ಐದರ ತಾರೀಖೂ ಓದಿ, ಆಮೇಲೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ.